ಆರನೇ ಭೇಟಿಯ ಪುಟ

ಮಾರ್ಚ್ 3, ಸೋಮವಾರ

ಹದಿನೇಳು ವರ್ಷದಿಂದ ಊರವರಿಗೆಲ್ಲ ‘ತಿಂದದ್ದನ್ನು ಬರೆದಿಡಿ’ ಅಂತ ನೋಟ್‌ಬುಕ್ ಕೊಡಿಸಿದವಳು ಇವತ್ತು ನನಗೇ ಒಂದು ಕೊಂಡುಕೊಂಡೆ. ನುಂಗಲಾಗದ್ದನ್ನು ಎಲ್ಲಾದರೂ ಉಗುಳಬೇಕಲ್ಲ.

ಬೆಳಗ್ಗೆ ನಮ್ಮ ಆಹಾರ ಸಲಹೆಗಾರರ ಸಂಘದಿಂದ ಪತ್ರ ಬಂತು. ‘ತಮ್ಮ ಮೇಲೆ ದೂರು ಬಂದಿರುವುದರಿಂದ ವಿಚಾರಣೆ ಮುಗಿಯುವವರೆಗೆ ತಾವು ಯಾರಿಗೂ ಸಲಹೆ ನೀಡತಕ್ಕದ್ದಲ್ಲ. ಪ್ರಮಾಣಪತ್ರವನ್ನು ಗೋಡೆಯಿಂದ ಇಳಿಸತಕ್ಕದ್ದು. ದೂರುದಾರರನ್ನು ಭೇಟಿಯಾಗತಕ್ಕದ್ದಲ್ಲ.’ ಕೆಳಗೆ ಕಾರ್ಯದರ್ಶಿಯ ಸಹಿ. ಆಕೆಗೆ ನಾವೆಲ್ಲ ಗಡಿಯಾರ ಅಂತ ಹೆಸರಿಟ್ಟಿದ್ದೇವೆ. ಸಭೆಗೆ ಎರಡು ನಿಮಿಷ ತಡವಾದರೂ ಕನ್ನಡಕದ ಮೇಲಿಂದ ನೋಡುವ ಹೆಂಗಸು. ಹದಿನೇಳು ವರ್ಷದ ಪರಿಚಯ, ಒಂದು ಫೋನಾದರೂ ಮಾಡಬಾರದಿತ್ತಾ?

ದೂರು ಕೊಟ್ಟಿರುವುದು ನಲವತ್ತೊಂದರ ಹೆಂಡತಿ. ಗಿರಾಕಿಯ ಹೆಸರನ್ನು ಸ್ವಂತ ಟಿಪ್ಪಣಿಯಲ್ಲೂ ಬರೆಯಬಾರದು ಅನ್ನುತ್ತದೆ ನಮ್ಮ ನೀತಿಸಂಹಿತೆ, ಅದಕ್ಕೇ ಫೈಲಿನ ನಂಬರು. ನನ್ನ ಕುತ್ತಿಗೆಗೆ ಬಂದಾಗಲೂ ನಾನು ನಿಯಮ ಬಿಡುವವಳಲ್ಲ, ಅದನ್ನಾದರೂ ಗಡಿಯಾರ ತಿಳಿದುಕೊಳ್ಳಲಿ.

ನಲವತ್ತೊಂದು ಒಬ್ಬ ದರ್ಜಿ. ಐವತ್ತೆಂಟು ವರ್ಷ. ಮೊಣಕಾಲು ನೋವು, ತೂಕ ಇಳಿಸಬೇಕು ಅಂತ ಹೋದ ಜುಲೈನಲ್ಲಿ ಬಂದ. ಡಿಸೆಂಬರಿನ ಹೊತ್ತಿಗೆ ಹದಿನಾಲ್ಕು ಕಿಲೋ ಇಳಿದಿದ್ದ. ಅಂಥ ಗಿರಾಕಿ ನನಗೆ ಇನ್ನೊಬ್ಬ ಸಿಕ್ಕಿರಲಿಲ್ಲ. ಜನವರಿ ಕೊನೆಗೆ ಆಸ್ಪತ್ರೆ ಸೇರಿದ. ಕರುಳಲ್ಲಿ ಗಡ್ಡೆ. ಆಪರೇಷನ್ ಆಗಿ ಮನೆಗೆ ಬಂದಿದ್ದಾನಂತೆ, ಚಿಕಿತ್ಸೆ ಇನ್ನೂ ಮುಗಿದಿಲ್ಲ. ‘ನನ್ನ ಗಂಡ ಕರಗಿ ಹೋಗ್ತಿದ್ದಾಗ ಈಯಮ್ಮ ಚಪ್ಪಾಳೆ ತಟ್ಟಿದರು. ಡಾಕ್ಟರಿಗೆ ತೋರಿಸಿ ಅಂತ ಒಂದು ಮಾತು ಹೇಳಲಿಲ್ಲ’ ಅಂತ ಹೆಂಡತಿ ಬರೆದಿದ್ದಾಳೆ.

ಹೇಳಿದ್ದೇನೆ. ಫೈಲಿನಲ್ಲೇ ಇದೆ. ಆರನೇ ಭೇಟಿಯ ಪುಟದ ಕೊನೆಯ ಸಾಲು: ‘ಕಾರಣವಿಲ್ಲದೆ ತೂಕ ಇಳಿಯುತ್ತಿದೆ. ವೈದ್ಯರನ್ನು ಕಾಣುವಂತೆ ತಿಳಿಸಿದೆ.’ ನನ್ನದೇ ಕೈಬರಹ. ಇನ್ನೇನು ಬೇಕಂತೆ ಇವರಿಗೆ?

ಪ್ರಮಾಣಪತ್ರ ಇಳಿಸಿದೆ. ಅದಿದ್ದ ಜಾಗದಲ್ಲಿ ಗೋಡೆ ಬೆಳ್ಳಗಿದೆ. ಉಳಿದ ಗೋಡೆ ಇಷ್ಟು ಕೊಳೆಯಾಗಿತ್ತು ಅಂತ ಗೊತ್ತೇ ಇರಲಿಲ್ಲ.

ಮಾರ್ಚ್ 5, ಬುಧವಾರ

ಎಲ್ಲ ಗಿರಾಕಿಗಳಿಗೂ ಫೋನು ಮಾಡಿ, ಸ್ವಲ್ಪ ದಿನ ರಜೆ ಅಂದೆ. ಇಪ್ಪತ್ತಾರು ಮಂದಿ. ‘ಯಾಕೆ, ಹುಷಾರಾಗಿದ್ದೀರಾ?’ ಅಂತ ಕೇಳಿದವರು ಇಬ್ಬರು. ಇಪ್ಪತ್ತೆಂಟನೇ ಫೈಲು, ಅಂದರೆ ಸದಾ ಬ್ರೆಡ್ಡಿಗೆ ಹಾತೊರೆಯುವ ಶಾಲಾ ಮೇಡಂ, ‘ಅಯ್ಯೋ ಹೌದಾ! ಹಾಗಾದ್ರೆ ಇವತ್ತು ಬ್ರೆಡ್ಡು ತಿನ್ನಬಹುದಾ?’ ಅಂದಳು. ದನಿಯಲ್ಲಿ ಹಬ್ಬ.

ಬಾಯಿಗೆ ಬಂದದ್ದನ್ನು ತಡೆದುಕೊಂಡೆ. ಸಲಹೆ ಕೊಡುವಂತಿಲ್ಲವಲ್ಲ. ‘ನಿಮ್ಮಿಷ್ಟ’ ಅಂದೆ. ‘ಏನಂದ್ರಿ?’ ಅಂತ ಎರಡು ಸಲ ಕೇಳಿದಳು. ಆ ಮಾತು ನನ್ನ ಬಾಯಿಂದ ಬಂದದ್ದು ಪಾಪ ಆಕೆಗೂ ನಂಬಿಕೆಯಾಗಲಿಲ್ಲ.

ಆಮೇಲೆ ಸಲಹಾ ಕೋಣೆಯಲ್ಲಿ ಸುಮ್ಮನೆ ಕೂತೆ. ಇದ್ದುದೆಲ್ಲ ಇದ್ದಲ್ಲೇ ಇದೆ. ತೂಕದ ಯಂತ್ರ, ಎರಡು ಕುರ್ಚಿ, ಅಳತೆ ತೋರಿಸುವುದಕ್ಕೆ ಇಟ್ಟ ಪ್ಲಾಸ್ಟಿಕ್ಕಿನ ಬಟಾಣಿ, ಪ್ಲಾಸ್ಟಿಕ್ಕಿನ ಮೀನು. ಧೂಳು ಒರೆಸಿದೆ. ಹತ್ತೂವರೆಗೆ ಕೆಲಸ ಮುಗಿಯಿತು.

ಮಾರ್ಚ್ 9, ಭಾನುವಾರ

ತಂಗಿಯ ಮನೆಗೆ ಊಟಕ್ಕೆ ಹೋದೆ. ನನಗೆ ಅಂತ ಇರುವವಳು ಅವಳೊಬ್ಬಳೇ. ಎರಡು ಬಸ್ಸು ಹಿಡಿದು ಹೋಗಬೇಕು, ಅದಕ್ಕೇ ತಿಂಗಳಿಗೊಮ್ಮೆ. ಎರಡು ಬಸ್ಸು ಅನ್ನುವುದು ನಾನು ಹೇಳುವ ಕಾರಣ. ಅವಳು ಹೇಳುವ ಕಾರಣ ಬೇರೆ: ‘ಅಕ್ಕ ಬಂದ್ರೆ ನಮ್ಮನೇಲಿ ಎಲ್ಲರೂ ತಟ್ಟೆಗೆ ಕೈ ಅಡ್ಡ ಇಟ್ಕೊಂಡು ತಿಂತಾರೆ.’

ಇವತ್ತು ತಂಗಿಯ ಗಂಡ ನನ್ನ ಎದುರೇ ಮೂರು ಸಲ ಉಪ್ಪು ಉದುರಿಸಿಕೊಂಡರು. ಮೊದಲನೇ ಸಲ ಕದ್ದು, ಎರಡನೇ ಸಲ ನನ್ನ ಮುಖ ನೋಡಿಕೊಂಡು, ಮೂರನೇ ಸಲ ರಾಜಾರೋಷವಾಗಿ. ನಾನು ತುಟಿ ಬಿಚ್ಚಲಿಲ್ಲ. ಯಾರಿಗೂ ಸಲಹೆ ಇಲ್ಲ ಅಂದ ಮೇಲೆ ತಂಗಿಯ ಗಂಡನಿಗೂ ಇಲ್ಲ.

‘ಅಕ್ಕಾ, ಮೈ ಸರಿಯಿಲ್ವಾ? ಏನೂ ಮಾತೇ ಆಡ್ತಿಲ್ಲ’ ಅಂದಳು ತಂಗಿ.

‘ಏನೂ ಇಲ್ವೇ. ಸುಮ್ಮನಿದ್ರೂ ತಪ್ಪಾ?’

ಸುಮ್ಮನಿರಬೇಕು ಅಂತೇನೂ ಇರಲಿಲ್ಲ. ಉಪ್ಪು, ಸಕ್ಕರೆ, ಎಣ್ಣೆ ಬಿಟ್ಟರೆ ಅವಳ ಹತ್ತಿರ ಇನ್ನೇನು ಮಾತಾಡಬೇಕು ಅಂತ ಹೊಳೆಯಲಿಲ್ಲ. ಅವಳ ಕೆಲಸದ ಬಗ್ಗೆ ಕೇಳೋಣ ಅಂದುಕೊಂಡೆ. ಗ್ರಂಥಾಲಯದಲ್ಲೇ ಇನ್ನೂ ಇದ್ದಾಳಾ, ಬಡ್ತಿ ಬಂತಾ, ಯಾವುದೂ ನೆನಪಿಗೆ ಬರಲಿಲ್ಲ. ಕೇಳಿದರೆ ‘ಹೋದ ಸಲವೇ ಹೇಳಿದ್ನಲ್ಲ’ ಅಂತಾಳೆ ಅನ್ನಿಸಿ ಬಿಟ್ಟೆ. ದೂರಿನ ವಿಷಯವನ್ನೂ ಹೇಳಲಿಲ್ಲ. ‘ನೋಡಿದ್ಯಾ, ಊರಿಗೆಲ್ಲ ಬುದ್ಧಿ ಹೇಳೋರ ಕಥೆ’ ಅನ್ನುತ್ತಾರೆ ಅವಳ ಗಂಡ.

ಮಾರ್ಚ್ 10, ಸೋಮವಾರ

ಬೆಳಗ್ಗೆ: ಓಟ್ಸ್, ಅರ್ಧ ಸೇಬು. ಮಧ್ಯಾಹ್ನ: ಬೇಯಿಸಿದ ಬೀನ್ಸು, ಮೊಸರು. ಸಂಜೆ: ಟೊಮೆಟೊ ಸೂಪು. ಮಾತು: ಇಲ್ಲ.

ಮಾರ್ಚ್ 14, ಶುಕ್ರವಾರ

ನಲವತ್ತೊಂದರ ಫೈಲಿನ ಮೂರು ಪ್ರತಿ ಕಳಿಸಬೇಕು ಅಂತ ಗಡಿಯಾರದ ಆಜ್ಞೆ. ಸಂಘಕ್ಕೊಂದು, ವಿಚಾರಣಾ ಸಮಿತಿಗೊಂದು, ದೂರು ಕೊಟ್ಟವರಿಗೊಂದು. ಮೂಲೆಯ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವನು ಪುಟ ತಿರುಗಿಸುತ್ತಾ, ‘ಮೇಡಂ, ಈ ಪುಟದಲ್ಲಿ ಕೊನೆ ಸಾಲು ನೀಲಿ, ಉಳಿದದ್ದೆಲ್ಲ ಕಪ್ಪು. ಕಪ್ಪು ಬಿಳುಪಿನಲ್ಲಿ ಎಲ್ಲಾ ಒಂದೇ ಥರ ಬರುತ್ತೆ, ಪರವಾಗಿಲ್ವಾ?’ ಅಂದ.

‘ಪರವಾಗಿಲ್ಲ’ ಅಂದೆ. ಆ ಪುಟವನ್ನು ಅವನ ಕೈಯಿಂದ ತೆಗೆದು ನಾನೇ ಯಂತ್ರದ ಮೇಲೆ ಮಗುಚಿಟ್ಟೆ.

ಇಲ್ಲಿ ಬರೆದರೆ ಯಾರೂ ಓದುವುದಿಲ್ಲ, ಬರೆಯುತ್ತೇನೆ. ಆ ಸಾಲು ಡಿಸೆಂಬರಿನಲ್ಲಿ ಬರೆದದ್ದಲ್ಲ. ಫೆಬ್ರವರಿ ನಾಲ್ಕರಂದು ಅವನ ಹೆಂಡತಿ ಆಸ್ಪತ್ರೆಯಿಂದ ಫೋನು ಮಾಡಿ, ‘ಗಡ್ಡೆಯಂತೆ, ತಿಂಗಳುಗಟ್ಟಲೆ ಬೆಳೆದಿದೆಯಂತೆ, ನಿಮಗೆ ಏನೂ ಗೊತ್ತಾಗ್ಲಿಲ್ವಾ ಮೇಡಂ?’ ಅಂತ ಕೇಳಿದಳಲ್ಲ, ಆವತ್ತು ಸಂಜೆ ಬರೆದೆ. ಕೈಗೆ ನೀಲಿ ಪೆನ್ನು ಸಿಕ್ಕಿತು. ಪುಟದ ಕೊನೆಯಲ್ಲಿ ಜಾಗ ಇತ್ತು.

ಆದರೆ ಸುಳ್ಳು ಬರೆದಿಲ್ಲ. ಹೇಳಿದ್ದೆ, ಬರೆಯಲು ಮರೆತಿದ್ದೆ, ಆಮೇಲೆ ಬರೆದೆ. ಅಷ್ಟೇ. ತಡವಾಗಿ ಬರೆದರೆ ಬರೆದ ದಿನದ ತಾರೀಖು ಹಾಕಿ ಸಹಿ ಮಾಡಬೇಕು, ನಿಜ. ಹೊಸಬರಿಗೆ ಆ ಪಾಠ ಮಾಡುವವಳೇ ನಾನು. ಆವತ್ತು ಅಷ್ಟು ಗಾಬರಿಯಲ್ಲಿ ತಾರೀಖು ಎಲ್ಲಿಂದ ನೆನಪಾಗಬೇಕು.

ಮೂರು ಪ್ರತಿಯನ್ನೂ ಅಂಚೆಗೆ ಹಾಕಿದೆ.

ಮಾರ್ಚ್ 18, ಮಂಗಳವಾರ

ನಾನು ಕುಳಿತಿದ್ದೇನೆ, ಆದರೆ ಎದ್ದು ಓಡಾಡಬೇಕು ಅನ್ನಿಸುತ್ತಿದೆ. ನಡೆದದ್ದು ಬಹಳ ಸಣ್ಣದು.

ಕೆಳಮನೆಯಲ್ಲಿ ಅಂಚೆಯಾಕೆ ಇದ್ದಾರೆ. ಈ ಬೀದಿಗೆಲ್ಲ ಕಾಗದ ಹಂಚುವವರೇ ಅವರು. ಇಷ್ಟು ವರ್ಷ ಮೆಟ್ಟಿಲ ಮೇಲೆ ಎದುರಾದರೆ ತಲೆ ಆಡಿಸುತ್ತಿದ್ದೆವು. ಇವತ್ತು ಕಾಗದ ಕೊಡಲು ಮೇಲೆ ಬಂದವರು ಬಾಗಿಲ ಚೌಕಟ್ಟು ಹಿಡಿದು ನಿಂತರು. ‘ಮೇಡಂ, ಎರಡು ಮೆಟ್ಟಿಲು ಹತ್ತಿದ್ರೆ ಸಾಕು, ಏದುಸಿರು. ಏನು ತಿಂದ್ರೆ ಶಕ್ತಿ ಬರುತ್ತೆ? ನಿಮ್ಮನ್ನ ಕೇಳ್ಬೇಕು ಕೇಳ್ಬೇಕು ಅಂತಿದ್ದೆ.’

ಬೀಟ್‌ರೂಟು, ಸೊಪ್ಪು, ಖರ್ಜೂರ, ಎಲ್ಲಾ ನಾಲಿಗೆಯ ತುದಿಗೆ ಬಂದು ನಿಂತವು. ಹೇಳುವಂತಿಲ್ಲ. ಬೇರೆ ದಾರಿಯಿಲ್ಲದೆ, ‘ಮೊದಲು ಡಾಕ್ಟರಿಗೆ ತೋರಿಸಿ’ ಅಂದೆ.

‘ಅಷ್ಟೊಂದು ಇದೆಯಾ?’ ಅಂತ ಅವರ ಮುಖ ಸಣ್ಣದಾಯಿತು. ‘ಗೊತ್ತಿಲ್ಲ. ನನಗೆ ಗೊತ್ತಾಗಲ್ಲ, ಅದಕ್ಕೇ ತೋರಿಸಿ’ ಅಂದೆ. ‘ಆಯ್ತು, ನಾಳೇನೇ ಹೋಗ್ತೀನಿ’ ಅಂತ ಇಳಿದು ಹೋದರು.

ಬಾಗಿಲು ಹಾಕಿ, ಆಡಿದ ಮಾತನ್ನು ಒಬ್ಬಳೇ ಇನ್ನೊಮ್ಮೆ ಆಡಿ ನೋಡಿದೆ. ‘ಡಾಕ್ಟರಿಗೆ ತೋರಿಸಿ’, ‘ನನಗೆ ಗೊತ್ತಾಗಲ್ಲ’. ಈ ಎರಡು ಮಾತು ನನ್ನ ದನಿಯಲ್ಲಿ ಹೇಗೆ ಕೇಳುತ್ತವೆ ಅಂತ ನನಗೆ ಇವತ್ತೇ ಗೊತ್ತಾದದ್ದು. ಎಷ್ಟು ಕಷ್ಟ ಆಯಿತು ಅವನ್ನು ಆಡುವುದಕ್ಕೆ! ಡಿಸೆಂಬರಿನಲ್ಲಿ ಒಮ್ಮೆ ಆಡಿದ್ದರೆ ಆ ಕಷ್ಟ ನೆನಪಿರುತ್ತಿತ್ತು.

ಮಾರ್ಚ್ 19, ಬುಧವಾರ

ಹೇಳಿರಲಿಲ್ಲ.

ಮಾರ್ಚ್ 22, ಶನಿವಾರ

ಎರಡು ದಿನ ಈ ಪುಸ್ತಕದ ಹತ್ತಿರ ಸುಳಿಯಲಿಲ್ಲ.

ಆರನೇ ಭೇಟಿ ಈಗ ಪೂರ್ತಿ ನೆನಪಿದೆ. ದರ್ಜಿ ಒಳಗೆ ಬಂದವರೇ ಸೊಂಟದ ಪಟ್ಟಿ ಹಿಡಿದೆಳೆದು ತೋರಿಸಿದರು. ‘ನೋಡಿ ಮೇಡಂ, ಈ ಪ್ಯಾಂಟಿನ ಸೊಂಟ ನಾಲ್ಕನೇ ಸಲ ಹಿಡಿದು ಹೊಲಿದಿದ್ದೀನಿ. ಇನ್ನೂ ಹಿಡಿದ್ರೆ ಹಿಂದಿನ ಎರಡು ಜೇಬೂ ಒಂದೇ ಆಗುತ್ತೆ.’ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅವರು ಬಂದರೆ ಕೋಣೆಯಲ್ಲಿ ನಗು ಇರುತ್ತಿತ್ತು. ನಲವತ್ತೈದು ನಿಮಿಷದ ಭೇಟಿಯನ್ನು ನಾನೇ ಒಂದೂವರೆ ಗಂಟೆ ಎಳೆಯುತ್ತಿದ್ದೆ.

ತೂಕದ ಯಂತ್ರ ಹತ್ತಿದರು. ಇನ್ನೂ ನಾಲ್ಕು ಕಿಲೋ ಇಳಿದಿತ್ತು. ಐದನೇ ಭೇಟಿಯಲ್ಲೇ ಅವರ ಗುರಿ ಮುಟ್ಟಿತ್ತು, ಇನ್ನು ತೂಕ ನಿಲ್ಲಲಿ ಅಂತ ಹೊಟ್ಟೆ ತುಂಬುವ ಪಟ್ಟಿ ನಾನೇ ಬರೆದುಕೊಟ್ಟಿದ್ದೆ. ನಿಲ್ಲಬೇಕಾದದ್ದು ನಿಲ್ಲದಿದ್ದರೆ ಯಾಕೆ ಅಂತ ಕೇಳಬೇಕಿತ್ತು. ನಾನು ಏನಂದೆ? ‘ನಿಮ್ಮ ದೇಹ ಪಾಠ ಕಲಿತುಬಿಟ್ಟಿದೆ ಕಣ್ರೀ!’ ಅಂದೆ. ಹೆಮ್ಮೆಯಿಂದ ಅಂದೆ.

ಅವರು ಊಟದ ನೋಟ್‌ಬುಕ್ ಚಾಚಿದರು. ಅದರ ಪ್ರತಿ ಈಗ ನನ್ನ ಮುಂದಿದೆ. ಮೂರು ಕಡೆ ಬರೆದಿದ್ದಾರೆ, ದುಂಡಗೆ: ‘ಹಸಿವಿಲ್ಲ.’ ಮೂರರ ಪಕ್ಕದಲ್ಲೂ ನಾನು ಕೆಂಪು ಪೆನ್ನಿನಲ್ಲಿ ‘ಭೇಷ್!’ ಅಂತ ಬರೆದಿದ್ದೇನೆ. ಹಸಿವನ್ನು ಗೆದ್ದರು ಅಂದುಕೊಂಡೆ. ಸುಸ್ತು ಅಂದಾಗ ಚಳಿಗಾಲ ಅಂದೆ. ಬೇರೆ ಯಾರೇ ಆಗಲಿ, ಅವರ ಹೆಂಡತಿ, ಪಕ್ಕದ ಅಂಗಡಿಯವನು, ದಾರಿಹೋಕ, ಆ ಮನುಷ್ಯನನ್ನು ನೋಡಿದ್ದರೆ ‘ಏನಾಯ್ತು ನಿಮಗೆ?’ ಅಂತಿದ್ದರು. ನಾನೊಬ್ಬಳೇ ಶಹಬ್ಬಾಸ್ ಅಂದದ್ದು.

ಡಾಕ್ಟರ ಹತ್ತಿರ ಕಳಿಸಿದ್ದರೆ ಏನು ಹೋಗುತ್ತಿತ್ತು ನನ್ನ ಗಂಟು? ಕೇಳಿಕೊಂಡೆ. ಉತ್ತರ ಸಿಕ್ಕಿತು, ಚೆನ್ನಾಗಿಲ್ಲ. ಡಾಕ್ಟರ ಹತ್ತಿರ ಹೋದರೆ ಏಳನೇ ಭೇಟಿಗೆ ನನ್ನ ಹತ್ತಿರ ಬರುತ್ತಿರಲಿಲ್ಲ.

ಮಾರ್ಚ್ 27, ಗುರುವಾರ

ವಿಚಾರಣೆ ಏಪ್ರಿಲ್ ಒಂಬತ್ತಕ್ಕೆ. ಆವತ್ತು ಹೇಳಿಬಿಡುತ್ತೇನೆ ಅಂತ ಬೆಳಗ್ಗೆ ನಿರ್ಧಾರ ಮಾಡಿದೆ. ಮಧ್ಯಾಹ್ನಕ್ಕೆ ಬದಲಾಯಿಸಿದೆ. ಸಂಜೆ ಮತ್ತೆ ನಿರ್ಧಾರ ಮಾಡಿದೆ.

ಗಮನಿಸಲಿಲ್ಲ ಅನ್ನುವ ತಪ್ಪಿಗೆ ಎಚ್ಚರಿಕೆ ಕೊಟ್ಟು ಬಿಡುತ್ತಾರೆ. ಫೈಲು ತಿದ್ದಿದ್ದಕ್ಕೆ ಪ್ರಮಾಣಪತ್ರವೇ ಹೋಗುತ್ತದೆ. ಐವತ್ತಾರು ವರ್ಷಕ್ಕೆ ಬೇರೇನು ಮಾಡಲಿ? ಊಟ ಹೇಗಾದರೂ ಸಾಗುತ್ತದೆ, ನನ್ನ ಊಟವೇ ಎಷ್ಟಿದೆ. ನನ್ನ ಬಾಗಿಲು ತಟ್ಟುವವರು ಅಂದರೆ ಗಿರಾಕಿಗಳು ಮಾತ್ರ. ಅವರೂ ಇಲ್ಲ ಅಂದರೆ ಈ ಮೂರು ಕೋಣೆಯಲ್ಲಿ ನಾನು ಬದುಕಿದ್ದೇನೆ ಅಂತ ಯಾರಿಗೆ ಗೊತ್ತಾಗಬೇಕು. ಭಯವಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಅಂಚೆಯಾಕೆ ಡಾಕ್ಟರಿಗೆ ತೋರಿಸಿ ಬಂದರು. ರಕ್ತ ಕಡಿಮೆಯಂತೆ, ಮಾತ್ರೆ ಕೊಟ್ಟಿದ್ದಾರೆ. ‘ಬನ್ನಿ, ಟೀ ಕುಡಿಯೋಣ’ ಅಂದರು. ಹೋದೆ. ಎರಡು ಚಮಚ ಸಕ್ಕರೆ ಹಾಕಿದರು, ಕುಡಿದೆ. ಅವರಿಗೆ ಹಳೇ ರೇಡಿಯೋ ರಿಪೇರಿ ಮಾಡುವ ಹುಚ್ಚು. ಮನೆಯಲ್ಲಿ ಹನ್ನೊಂದು ರೇಡಿಯೋ ಇವೆ, ಹಾಡುವುದು ಎರಡು.

ಏಪ್ರಿಲ್ 2, ಬುಧವಾರ

ಗಡಿಯಾರ ಫೋನು ಮಾಡಿದರು. ‘ದೂರು ವಾಪಸ್ ತಗೊಂಡಿದ್ದಾರೆ. ವಿಚಾರಣೆ ಇಲ್ಲ. ಇವತ್ತಿಂದಲೇ ಕೆಲಸ ಶುರು ಮಾಡಬಹುದು.’

‘ಯಾಕಂತೆ?’ ಅಂದೆ.

‘ನಿಮ್ಮ ಫೈಲಿನ ಪ್ರತಿ ಹೋಯ್ತಲ್ಲ, ಆರನೇ ಭೇಟಿಯ ಪುಟ ಓದಿದ್ರಂತೆ. ಗಂಡನ್ನ ಕೇಳಿದ್ರೆ, ಮೇಡಂ ಬರೆದಿದ್ದಾರೆ ಅಂದ್ಮೇಲೆ ಹೇಳೇ ಇರ್ತಾರೆ, ನಾನೇ ಮರೆತಿರ್ಬೇಕು ಅಂದ್ರಂತೆ. ಇಷ್ಟು ಚೊಕ್ಕವಾಗಿ ದಾಖಲೆ ಇಡೋರು ನಮ್ಮಲ್ಲಿ ಯಾರಿದ್ದಾರೆ ಹೇಳಿ. ಹೆಸರು, ನಂಬರು ಅಳಿಸಿ ಹೊಸಬರ ತರಗತಿಗೆ ಮಾದರಿ ಅಂತ ಹಂಚೋಣ ಅಂತಿದ್ದೀವಿ.’

‘ಹಂಚಿ’ ಅಂದೆ. ಅಂದುಬಿಟ್ಟೆ.

ಪ್ರಮಾಣಪತ್ರ ಮತ್ತೆ ಗೋಡೆಗೆ ಹಾಕಿದೆ. ನಾನೇನೂ ಮಾಡಲಿಲ್ಲ, ತಾನಾಗಿ ಮುಗಿಯಿತು. ಬದುಕಿದೆ ಅನ್ನಿಸಿತು. ಇವತ್ತಿನ ಮಟ್ಟಿಗೆ ಅಷ್ಟೇ ಬರೆಯುತ್ತೇನೆ.

ಏಪ್ರಿಲ್ 5, ಶನಿವಾರ

ಮೂರು ದಿನದಲ್ಲಿ ಹದಿನಾಲ್ಕು ಮಂದಿ ಬಂದು ಹೋದರು. ನಾಲ್ವರನ್ನು ಡಾಕ್ಟರ ಹತ್ತಿರ ಕಳಿಸಿದೆ. ಒಬ್ಬ, ‘ಏನ್ ಮೇಡಂ, ರಜೆಯಿಂದ ಬಂದ್ಮೇಲೆ ಎಲ್ರನ್ನೂ ಆಚೆ ಓಡಿಸ್ತಿದ್ದೀರಿ’ ಅಂತ ನಗಾಡಿದ. ಬ್ರೆಡ್ಡಿನ ಶಾಲಾ ಮೇಡಂ ಎರಡು ಕಿಲೋ ಏರಿ, ಬೈಸಿಕೊಳ್ಳಲು ಸಿದ್ಧವಾಗಿ ಬಂದಿದ್ದಳು. ಯಾವಾಗ ಬ್ರೆಡ್ಡು ತಿನ್ನುತ್ತೀರಿ ಅಂತ ಕೇಳಿದೆ. ‘ಮಕ್ಕಳ ನೋಟ್‌ಬುಕ್ ತಿದ್ದುವಾಗ. ಮನೇಲಿ ಯಾರೂ ಇರಲ್ವಲ್ಲ’ ಅಂದಳು. ‘ನಮ್ಮನೇಲೂ ಯಾರೂ ಇರಲ್ಲ’ ಅಂದೆ. ಭೇಟಿಯ ಹೊತ್ತು ಮುಗಿದರೂ ಇಬ್ಬರೂ ಮಾತಾಡುತ್ತಾ ಕೂತಿದ್ದೆವು.

ಮಧ್ಯಾಹ್ನ ಅಂಚೆಯಾಕೆ ಒಂದು ಲಕೋಟೆ ತಂದರು. ದರ್ಜಿಯ ಹೆಂಡತಿ ಬರೆದದ್ದು. ಹಾಗೇ ಇಳಿಸಿಕೊಳ್ಳುತ್ತೇನೆ.

‘ಮೇಡಂ ಅವರಿಗೆ ನಮಸ್ಕಾರ. ನಿಮ್ಮ ಮೇಲೆ ಇಲ್ಲದ್ದು ಹೊರಿಸಿದೆ, ಹೊಟ್ಟೆಗೆ ಹಾಕಿಕೊಳ್ಳಿ. ನೀವು ಹೇಳಿದ್ದನ್ನು ಇವರು ನನಗೆ ಹೇಳಲೇ ಇಲ್ಲ. ಮೂವತ್ತೊಂದು ವರ್ಷ ಜೊತೆಗೆ ಬಾಳಿದ್ದೇವೆ, ಸೂಜಿ ಕಳೆದರೂ ಹೇಳುವ ಮನುಷ್ಯ, ಜೀವದ ವಿಷಯ ಮುಚ್ಚಿಟ್ಟರು. ಆಗಲೇ ತೋರಿಸಿದ್ದರೆ ಇಷ್ಟು ಕೊಯ್ಯಬೇಕಿರಲಿಲ್ಲ ಅಂದಿದ್ದಾರೆ ಡಾಕ್ಟರು. ನಾನು ಇವರ ಹತ್ತಿರ ಮಾತು ಬಿಟ್ಟಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ ಕೊಡುತ್ತೇನೆ, ಮಾತು ಆಡಲು ಬಾಯಿ ಬರುವುದಿಲ್ಲ. ಇವರೂ ಕಣ್ಣೀರು ಹಾಕುತ್ತಾರೆ, ನನಗೇನಾಗಿತ್ತು ಅಂತ ಹಣೆ ಹಣೆ ಬಡಿದುಕೊಳ್ಳುತ್ತಾರೆ. ಒಮ್ಮೆ ಮನೆಗೆ ಬನ್ನಿ, ಎದುರಿಗೆ ಕ್ಷಮೆ ಕೇಳಬೇಕು.’

ಏಪ್ರಿಲ್ 6, ಭಾನುವಾರ

ತಂಗಿಗೆ ಫೋನು ಮಾಡಿ ಎಲ್ಲ ಹೇಳಿದೆ. ಮೊದಲಿಂದ. ನೀಲಿ ಸಾಲಿನ ಸಮೇತ. ಕೊನೆಗೆ, ‘ಅಕ್ಕಾ, ಇಷ್ಟು ದಿನ ಒಬ್ಬಳೇ ಇಟ್ಕೊಂಡಿದ್ಯಾ?’ ಅಂದಳು. ಅಷ್ಟಕ್ಕೇ ಅಳು ಬಂದುಬಿಟ್ಟಿತು. ಮುದುಕಿಯಾಗುವ ಕಾಲಕ್ಕೆ ಇದೆಲ್ಲ.

‘ಏನು ಮಾಡ್ಲೇ?’ ಅಂದೆ.

‘ನಾನು ಹೇಳಲ್ಲ. ನಿನಗೆ ಗೊತ್ತು’ ಅಂದಳು. ಎಂಥಾ ತಂಗಿ!

ಏಪ್ರಿಲ್ 8, ಮಂಗಳವಾರ

ಆಗಲಿಲ್ಲ. ಸಂಘಕ್ಕೆ ತಪ್ಪೊಪ್ಪಿಗೆ ಪತ್ರ ಬರೆದು ಹರಿದೆ.

ಏಪ್ರಿಲ್ 11, ಶುಕ್ರವಾರ

ಸಂಘದ ಕಚೇರಿಗೆ ಹೋಗಿ, ಮತ್ತೆ ಬರೆದ ಪತ್ರವನ್ನು ಗಡಿಯಾರದ ಕೈಗೇ ಕೊಟ್ಟೆ. ಜೊತೆಗೆ ಮೂಲ ಫೈಲು, ಪ್ರಮಾಣಪತ್ರ. ಅವರು ಪತ್ರ ಓದಿದರು. ಆರನೇ ಭೇಟಿಯ ಪುಟ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ನೀಲಿ ನೀಲಿಯಾಗಿಯೇ ಇತ್ತು.

‘ಇದು ಯಾರಿಗೂ ಗೊತ್ತಾಗ್ತಿರಲಿಲ್ಲ’ ಅಂದರು.

‘ಗೊತ್ತು.’

‘ಮತ್ತೆ?’

‘ಅವರ ಮನೇಲಿ ಮಾತು ನಿಂತುಹೋಗಿದೆ ಮೇಡಂ. ನಾನು ಬರೆದ ಒಂದು ಸಾಲಿಗೆ ಆ ಮನುಷ್ಯ ತನ್ನ ನೆನಪನ್ನೇ ಸುಳ್ಳು ಅಂತಿದ್ದಾರೆ. ಕಾಯಿಲೆ ಬಿದ್ದವರು ಅವರು, ಬೈಸಿಕೊಳ್ಳುವವರೂ ಅವರೇ.’

ಗಡಿಯಾರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಕಣ್ಣು ಇಷ್ಟು ಸಣ್ಣದು ಅಂತ ಗೊತ್ತಿರಲಿಲ್ಲ. ‘ಅಮಾನತು ಎರಡು ವರ್ಷಕ್ಕೆ ಕಮ್ಮಿ ಇರಲ್ಲ. ಬಹುಶಃ ಪೂರ್ತಿ ರದ್ದು’ ಅಂದರು. ಮಾದರಿ ಅಂತ ಮಾಡಿಟ್ಟ ಪ್ರತಿಗಳ ಕಟ್ಟನ್ನು ಬೀರುವಿನಿಂದ ತೆಗೆದು ಕಾಲ ಬಳಿ ಇಟ್ಟುಕೊಂಡರು.

‘ಅವರ ಮನೆಗೆ ಹೋಗಬೇಕು’ ಅಂದೆ. ‘ಈ ಪತ್ರ ಕೊಟ್ಟ ಮೇಲೆ ಹೋಗುವಂತಿಲ್ಲ, ಅದೂ ಗೊತ್ತು.’

ಅವರು ಪತ್ರ ಮಡಿಸಿ ವಾಪಸ್ ಲಕೋಟೆಗೆ ಹಾಕಿ ಅಂಟಿಸಿದರು. ‘ಇವತ್ತು ಕಚೇರಿ ಮುಗೀತು. ಇದನ್ನ ಸೋಮವಾರ ಬೆಳಗ್ಗೆ ಒಡೆಯೋದು’ ಅಂದರು. ಗಂಟೆ ಇನ್ನೂ ಮೂರೂಕಾಲು.

ಏಪ್ರಿಲ್ 12, ಶನಿವಾರ

ಅಂಗಡಿ ಕೆಳಗೆ, ಮನೆ ಮೇಲೆ. ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿತ್ತು. ದರ್ಜಿ ಕಿಟಕಿ ಪಕ್ಕದ ಕುರ್ಚಿಯಿಂದ ಏಳಲು ನೋಡಿದರು. ಅಂಗಿ ಅವರ ಮೈಮೇಲೆ ಇನ್ಯಾರದ್ದೋ ಥರ ಇತ್ತು. ಅದನ್ನು ಹಿಡಿಯುವ ಗೋಜಿಗೆ ಹೋಗಿಲ್ಲ.

‘ಬನ್ನಿ ಮೇಡಂ, ಕೂತ್ಕೊಳ್ಳಿ’ ಅಂದರು ಹೆಂಡತಿ. ಮೇಜಿನ ಮೇಲೆ ಹಣ್ಣು ಹೆಚ್ಚಿಟ್ಟಿದ್ದರು. ಗಂಡನ ಕಡೆ ತಿರುಗದೆ, ‘ಮಾತ್ರೆ ನೀರಿನ ಲೋಟದ ಪಕ್ಕ ಇದೆ ಅಂತ ಅವರಿಗೆ ಹೇಳಿ’ ಅಂದರು ನನಗೆ. ಗಂಡ ಕೂತದ್ದು ನಾಲ್ಕು ಅಡಿ ದೂರದಲ್ಲಿ.

‘ಕೇಳಿಸ್ತು’ ಅಂದರು ದರ್ಜಿ, ಅದೂ ನನಗೆ. ಆಮೇಲೆ ಕೈ ಜೋಡಿಸಿದರು. ‘ಮೇಡಂ, ನನ್ನಿಂದ ನಿಮಗೆ ಎಷ್ಟು ತೊಂದ್ರೆ. ಈಗ ಎಲ್ಲಾ ನೆನಪಾಗ್ತಿದೆ. ನೀವು ತೂಕದ ಯಂತ್ರದ ಹತ್ರ ನಿಂತಿದ್ರಿ. ಡಾಕ್ಟರಿಗೆ ತೋರಿಸಿ ಅಂದ್ರಿ. ನಾನು ಪ್ಯಾಂಟಿನ ತಮಾಷೆ ಮಾಡ್ಕೊಂಡು ಕಿವಿ ಮೇಲೇ ಹಾಕ್ಕೊಳ್ಲಿಲ್ಲ. ನೀವು ಎರಡೆರಡು ಸಲ ಹೇಳಿದ್ರಿ ಅನ್ಸುತ್ತೆ.’

ಹೆಂಡತಿ ತಟ್ಟೆಯನ್ನು ಟಪ್ಪಂತ ಇಟ್ಟರು. ‘ಕೇಳಿದ್ರಾ? ಎರಡು ಸಲವಂತೆ.’

ಎಷ್ಟೋ ಥರ ಶುರು ಮಾಡಬೇಕು ಅಂತ ಬಸ್ಸಿನಲ್ಲಿ ಯೋಚಿಸಿದ್ದೆ. ಒಂದೂ ಬರಲಿಲ್ಲ. ‘ನಾನು ಹೇಳಿರಲಿಲ್ಲ’ ಅಂದೆ.

ಇಬ್ಬರೂ ನೋಡಿದರು. ನಾನು ಹೇಳುತ್ತಾ ಹೋದೆ. ಆ ಸಾಲು ಫೆಬ್ರವರಿ ನಾಲ್ಕಕ್ಕೆ ಬರೆದದ್ದು, ಅವರ ಫೋನು ಬಂದ ಮೇಲೆ, ಹೆದರಿ. ಡಿಸೆಂಬರಿನಲ್ಲಿ ನಾನು ಹೇಳಿದ್ದು ಭೇಷ್ ಅಂತ. ಡಾಕ್ಟರ ಸುದ್ದಿಯೇ ಎತ್ತಿರಲಿಲ್ಲ. ‘ನಿಮ್ಮ ಯಜಮಾನರು ಏನನ್ನೂ ಮುಚ್ಚಿಟ್ಟಿಲ್ಲಮ್ಮ. ಮುಚ್ಚಿಡೋದಕ್ಕೆ ಏನೂ ಇರಲಿಲ್ಲ.’

ಹೆಂಡತಿ ಎದ್ದು ನಿಂತರು. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ದರ್ಜಿ ನನ್ನನ್ನು ನೋಡಲೇ ಇಲ್ಲ, ಹೆಂಡತಿಯನ್ನೇ ನೋಡುತ್ತಿದ್ದರು. ‘ನಾನು ಮರೆತಿರಲಿಲ್ಲ ಕಣೇ. ಮೇಡಂ ಹಾಗೆ ಹೇಳಿದ್ದು ನೆನಪಿಲ್ಲ ಅಂತ ಮೊದಲು ಅಂದ್ನಲ್ಲ, ಅದೇ ನಿಜ’ ಅಂದರು. ಕುರ್ಚಿ ಹಿಡಿದು ಏಳತೊಡಗಿದರು. ‘ನನ್ನ ತಲೆ ನೆಟ್ಟಗೇ ಇದೆ.’

‘ಮೊದಲು ಕೂತ್ಕೊಳ್ಳಿ, ಸುಸ್ತಾಗುತ್ತೆ’ ಅಂದರು ಆಕೆ ಅವರಿಗೆ. ನೇರವಾಗಿ ಅವರಿಗೇ. ಕೈ ಅವರ ಹೆಗಲ ಮೇಲಿತ್ತು. ಆಮೇಲೆ ನನ್ನ ಕಡೆ ತಿರುಗದೆ, ‘ನೀವು ಹೋಗಿ’ ಅಂದರು.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. ‘ಮೇಡಂ’ ಅಂತ ದರ್ಜಿ ಕರೆದರು. ‘ಇನ್ನೊಂದ್ಸಲ ಹೇಳಿ. ಜೋರಾಗಿ. ಇವಳಿಗೆ ಕೇಳಿಸ್ಲಿ.’

‘ನಾನು ಹೇಳಿರಲಿಲ್ಲ. ನೀವು ಮರೆತದ್ದಲ್ಲ’ ಅಂದೆ, ಜೋರಾಗಿ.

ಬಾಗಿಲು ಹಾಕಿಕೊಂಡಿತು. ಒಳಗೆ ಇಬ್ಬರೂ ಒಟ್ಟೊಟ್ಟಿಗೆ ಮಾತಾಡತೊಡಗಿದರು, ಒಬ್ಬರ ಮಾತು ಇನ್ನೊಬ್ಬರು ಮುಗಿಸಲು ಬಿಡದೆ. ಮೆಟ್ಟಿಲಿಳಿದು ಬೀದಿಗೆ ಬರುವವರೆಗೂ ಅದು ಕೇಳಿಸುತ್ತಿತ್ತು.